ಪಕ್ಕಕ್ಕೆ ಸರಿಸಿದ ದೀಪ

ಕಣ್ಣಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಣ್ಣು ಮಾಡುವ ಕೆಲಸ ಹಿಡಿದು ಮೂವತ್ತೆರಡು ವರ್ಷವಾಯಿತಲ್ಲ, ಹೆಸರು ತಾನಾಗಿಯೇ ಬಂದು ಅಂಟಿಕೊಂಡಿತು. ಕಣ್ಣು ಮಾಡುವುದೆಂದರೆ ಕನ್ನಡಕದ ಕೆಲಸವಲ್ಲ, ಆಪರೇಷನ್ನೂ ಅಲ್ಲ. ಕಾಯಿಲೆಯಲ್ಲೋ ಅಪಘಾತದಲ್ಲೋ ಕಣ್ಣು ತೆಗೆಸಿಕೊಂಡವರಿಗೆ ಆ ಗುಳಿಯಲ್ಲಿ ಕೂರುವ ಕೃತಕ ಕಣ್ಣು ಮಾಡುವುದು. ಅದು ನೋಡಲಾರದು, ನೋಡಿದವರು ಬೆಚ್ಚಿ ಮುಖ ತಿರುಗಿಸದಂತೆ ಕಾಯುತ್ತದೆ, ಅಷ್ಟೇ. "ಮನೆ ತುಂಬಾ ಕಣ್ಣು ಇಟ್ಕೊಂಡಿದ್ದಾಳೆ, ಕದ್ದು ಒಂದು ಸಿಗರೇಟು ಸೇದೋ ಹಾಗಿಲ್ಲ" ಎಂದು ಅವಳ ಗಂಡ ಬಂದವರ ಮುಂದೆಲ್ಲ ಗೋಳಾಡುತ್ತಿದ್ದ. ಮೂವತ್ತೆರಡು ವರ್ಷದಿಂದ ಅದೇ ಜೋಕು, ಪಾಪ, ಅವನಿಗೆ ಇನ್ನೊಂದು ಹೊಳೆದಿರಲಿಲ್ಲ.

ವರ್ಷಕ್ಕೊಮ್ಮೆ ಹದಿನೈದು ದಿನ ಕಣ್ಣಮ್ಮ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಪರದೇಶಕ್ಕೆ ಹೋಗುತ್ತಿದ್ದಳು. ಒಂದು ಸೇವಾಸಂಸ್ಥೆಯವರು ಡಾಕ್ಟರು, ನರ್ಸು, ಯಂತ್ರ ರಿಪೇರಿ ಬಲ್ಲವರು ಎಂದು ಹತ್ತು ಹನ್ನೆರಡು ಮಂದಿಯನ್ನು ಕರೆದೊಯ್ಯುತ್ತಿದ್ದರು. ಎಲ್ಲರೂ ತಮ್ಮ ರಜೆ ಹಾಕಿ, ತಮ್ಮ ವಿದ್ಯೆಯನ್ನು ಪುಕ್ಕಟೆಯಾಗಿ ಕೊಟ್ಟು ಬರುವವರು. ಅಲ್ಲಿಯ ಆಸ್ಪತ್ರೆಯಲ್ಲಿ ಕಣ್ಣು ತೆಗೆಯುವವರಿದ್ದರು, ಮಾಡಿ ಕೂರಿಸುವವರು ಇರಲಿಲ್ಲ. ಹಾಸಿಗೆ ಬಟ್ಟೆ ಇಡುತ್ತಿದ್ದ ಹಿಂದಿನ ಕೋಣೆಯನ್ನು ಕಣ್ಣಮ್ಮನಿಗೆ ಬಿಟ್ಟುಕೊಟ್ಟಿದ್ದರು. ಒಂದು ಕಿಟಕಿ, ಒಂದು ಮೇಜು, ಕುತ್ತಿಗೆ ಬಗ್ಗಿಸುವ ದೀಪ, ಅಚ್ಚು ಕುದಿಸಲು ಒಂದು ಪಾತ್ರೆ. ಭಾಷೆ ಬಾರದ ಕಾರಣ, ನಮ್ಮ ಕಡೆ ಓದಿ ಕನ್ನಡ ಕಲಿತಿದ್ದ ಅಲ್ಲಿಯವಳೇ ಆದ ಒಬ್ಬ ನರ್ಸು ಇತ್ತಲಿನ ಮಾತನ್ನು ಅತ್ತ, ಅತ್ತಲಿನದನ್ನು ಇತ್ತ ಸಾಗಿಸುತ್ತಿದ್ದಳು.

ಹೋದ ವರ್ಷ ಆ ಕೋಣೆಗೆ ಒಬ್ಬ ತಾಯಿ ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಮಗುವಿನ ಎಡಗಣ್ಣಿನೊಳಗೆ ಗಡ್ಡೆ ಬೆಳೆದು, ಆರು ತಿಂಗಳ ಹಿಂದೆ ಅದನ್ನು ತೆಗೆದಿದ್ದರು. ಬಲಗಣ್ಣು ಚೆನ್ನಾಗಿದೆ ಎಂದು ಆಗ ಹೇಳಿ ಕಳಿಸಿದ್ದರಂತೆ. ಊರಿನಿಂದ ಒಂದೂವರೆ ದಿನದ ಬಸ್ಸು. ಅಷ್ಟು ದೂರ ಬಂದ ಸುಸ್ತು ತಾಯಿಗೆ, ಮಗುವಿಗಲ್ಲ. ಅಬ್ಬಬ್ಬಾ, ಏನು ಬಾಯಿ ಅದರದು! ಕುಂಚ ಯಾಕೆ ಇಷ್ಟು ಸಣ್ಣ, ನಿನ್ನ ಕೂದಲು ಯಾಕೆ ಬಿಳಿ, ಕಿಟಕಿಯ ಮೇಲಿನ ಹಕ್ಕಿಗೆ ಅಮ್ಮ ಇದ್ದಾಳಾ? ತರ್ಜುಮೆ ಮಾಡಿ ಮಾಡಿ ನರ್ಸಿನ ಗಂಟಲು ಒಣಗಿತು. ಕಣ್ಣಮ್ಮ ಅವಳಿಗೆ ಚಿನಕುರುಳಿ ಎಂದು ಹೆಸರಿಟ್ಟಳು.

ಈ ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ಗುಳಿಯ ಅಚ್ಚು ತೆಗೆದು, ಬಿಳಿ ಚಿಪ್ಪು ಮಾಡಿ, ಎಳೆ ಎಳೆ ಕೆಂಪು ದಾರ ಅಂಟಿಸಿ ರಕ್ತನಾಳ ತೋರಿಸಬೇಕು. ಆಮೇಲೆ ಪಾಪೆಯ ಸುತ್ತಲಿನ ಬಣ್ಣದ ಬಳೆ. ಅದಕ್ಕೆ ಉಳಿದಿರುವ ಕಣ್ಣೇ ಗುರು. ಅದನ್ನು ಗೇಣು ದೂರದಿಂದ, ಗಂಟೆಗಟ್ಟಲೆ ನೋಡುತ್ತಾ ಚುಕ್ಕಿ ಚುಕ್ಕಿಯಾಗಿ ಬರೆಯಬೇಕು. ಕಣ್ಣಮ್ಮನಿಗೆ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ: "ಪಾಪೆ ಒಳಗೆ ಏನಾದ್ರೂ ಹೊಳೆದ್ರೆ ತಲೆ ಕೆಡಿಸ್ಕೋಬೇಡ. ಅದು ದೀಪದ್ದು, ಇಲ್ಲಾ ಕಿಟಕಿದು. ದೀಪ ಸರಿಸು, ಕೆಲಸ ನೋಡು. ಪಾಪೆ ಅಂದ್ರೆ ಕಪ್ಪು, ಅಷ್ಟೇ." ಸಾವಿರಾರು ಕಣ್ಣು ಬರೆದ ಮೇಲೆ ಹೊಳಪನ್ನು ಲೆಕ್ಕಕ್ಕೇ ಹಿಡಿಯದಿರುವುದು ಅವಳಿಗೆ ಉಸಿರಾಟದಷ್ಟು ಸಲೀಸಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಮೋಡ ಕವಿದು ಕೋಣೆ ಮಬ್ಬಾಗಿತ್ತು. ಚಿನಕುರುಳಿ ಬಾಗಿಲ ಬಳಿ ಕೂತ ಅಮ್ಮನ ಕಡೆ ಓರೆಯಾಗಿ ನೋಡಿದಳು. ಆಗ ಆ ಬಲಗಣ್ಣಿನ ಪಾಪೆಯಲ್ಲಿ ಏನೋ ಬೆಳ್ಳಗೆ ಮಿಂಚಿತು, ಕತ್ತಲಲ್ಲಿ ಬೆಕ್ಕಿನ ಕಣ್ಣು ಮಿಂಚಿದ ಹಾಗೆ. "ಥತ್, ಈ ದೀಪ ಒಂದು" ಎಂದು ಗೊಣಗಿ ಕಣ್ಣಮ್ಮ ದೀಪವನ್ನು ಪಕ್ಕಕ್ಕೆ ಸರಿಸಿದಳು. ಹೊಳಪು ಹೋಯಿತು. ಅವಳು ಬಳೆಯ ಕೆಳಗಿದ್ದ ಎಳ್ಳುಕಾಳಿನಷ್ಟು ಮಚ್ಚೆಯನ್ನು ಬರೆಯತೊಡಗಿದಳು.

ಆ ಕಣ್ಣು ಎಷ್ಟು ಚೆನ್ನಾಗಿ ಬಂತೆಂದರೆ ತಾಯಿ ಕಣ್ಣಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಕಣ್ಣಮ್ಮ ಮನೆಗೆ ಬಂದು ಫೋಟೋ ತೋರಿಸಿದ್ದೇ ತೋರಿಸಿದ್ದು. ಯಾವುದು ನಿಜವಾದ್ದು ಹೇಳಿ ನೋಡೋಣ ಎಂದು ಓರಗಿತ್ತಿಯರಿಗೆ, ಹಾಲಿನವನಿಗೆ, ಕೊನೆಗೆ ಕೊರಿಯರ್ ತಂದವನಿಗೂ ಪಂಥ ಕಟ್ಟಿದಳು. ಒಬ್ಬರೂ ಸರಿಯಾಗಿ ಹೇಳಲಿಲ್ಲ.

ಈ ವರ್ಷ ಕಣ್ಣು ಮಾಡಿಸಿಕೊಳ್ಳುವವರ ಪಟ್ಟಿಯಲ್ಲಿ ಚಿನಕುರುಳಿ ಇದ್ದಾಳೆಂದು ತಿಳಿದು ಕಣ್ಣಮ್ಮ ಒಂದು ಬಣ್ಣದ ರಿಬ್ಬನ್ನು ಕೊಂಡೊಯ್ದಿದ್ದಳು. ಮಗು ಬೆಳೆಯುತ್ತದೆ, ಗುಳಿ ಬೆಳೆಯುತ್ತದೆ, ಕಣ್ಣು ಹೊಸದಾಗಿ ಮಾಡಬೇಕು. ಅದಕ್ಕೇ ಬಂದಿರುತ್ತಾರೆ ಎಂದುಕೊಂಡಳು. ಬಾಗಿಲಲ್ಲಿ ತಾಯಿ ಕಂಡಳು. ಮಗು ಅವಳ ಬಟ್ಟೆಯ ಅಂಚು ಹಿಡಿದು, ಒಂದೊಂದೇ ಹೆಜ್ಜೆ ತಡವಿ ಇಡುತ್ತಾ ಹಿಂದೆ ಬಂತು. ಬಲಗಣ್ಣಿನ ರೆಪ್ಪೆ ಒಳಕ್ಕೆ ಕುಸಿದಿತ್ತು.

"ಎಂಟು ತಿಂಗಳಾಯ್ತು," ಎಂದಳು ನರ್ಸು. "ಅದರಲ್ಲೂ ಗಡ್ಡೆ. ಕರ್ಕೊಂಡು ಬರೋ ಹೊತ್ತಿಗೆ ಕಣ್ಣೆಲ್ಲಾ ತುಂಬ್ಕೊಂಡಿತ್ತು, ತೆಗೀಲೇಬೇಕಾಯ್ತು. ಈಗ ಎರಡೂ ಮಾಡಿ ಕೊಡ್ಬೇಕಂತೆ ಅಮ್ಮ. ಮೊದಲು ಹೇಗಿತ್ತೋ ಹಾಗೇ ಬರಬೇಕು, ಅದು ನಿಮಗೊಬ್ಬರಿಗೇ ಗೊತ್ತು ಅಂತಿದ್ದಾಳೆ."

ಗೊತ್ತಿಲ್ಲದೆ ಏನು! ಆ ಎಳ್ಳುಕಾಳು ಕೂಡ ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಕಣ್ಣಮ್ಮ ಬಾಯಿಗೆ ಬಂದ ಸಮಾಧಾನ ಹೇಳಿ, ಅಚ್ಚು ತೆಗೆದು ಕಳಿಸಿ, ಮಧ್ಯಾಹ್ನ ಚಹಾದ ಕೋಣೆಯಲ್ಲಿ ಕಣ್ಣಿನ ಡಾಕ್ಟರ ಮುಂದೆ ಕುಕ್ಕರಿಸಿದಳು. ಅವರೂ ಇವರ ಗುಂಪಿನವರೇ. ಹೋದ ವರ್ಷ ವೀಸಾ ಸಿಗದೆ ಬಂದಿರಲಿಲ್ಲ.

"ಒಂದರಲ್ಲಿ ಬಂದ್ರೆ ಇನ್ನೊಂದರಲ್ಲೂ ಬರಬಹುದು, ಅಮ್ಮಾ," ಎಂದರು ಡಾಕ್ಟರು, ಬಿಸ್ಕತ್ತು ಅದ್ದುತ್ತಾ. "ಒಂದೆರಡು ತಿಂಗಳಿಗೊಂದು ಸಲ ತೋರಿಸ್ಬೇಕಿತ್ತು. ಅಷ್ಟು ದೂರದಿಂದ ಯಾರು ತಾನೇ ಬರ್ತಾರೆ? ಇನ್ನೂ ಚಿಕ್ಕದಿದ್ದಾಗ ಸಿಕ್ಕಿದ್ರೆ ಲೇಸರಲ್ಲಿ ಸುಟ್ಟು ಕಣ್ಣು ಉಳಿಸಬಹುದಿತ್ತು."

"ಚಿಕ್ಕದಿದ್ದಾಗ ಹೊರಗಿನಿಂದ ಗೊತ್ತಾಗುತ್ತಾ ಡಾಕ್ಟ್ರೇ?"

"ಒಮ್ಮೊಮ್ಮೆ ಗೊತ್ತಾಗುತ್ತೆ. ಮಬ್ಬು ಬೆಳಕಲ್ಲಿ, ಮಗು ಓರೆಯಾಗಿ ನೋಡಿದಾಗ ಪಾಪೆ ಬೆಳ್ಳಗೆ ಮಿಂಚುತ್ತೆ, ಬೆಕ್ಕಿನ ಕಣ್ಣಿನ ಥರ. ಆದ್ರೆ ಹತ್ತಿರ ಕೂತು ಅಷ್ಟು ಹೊತ್ತು ಮಗು ಕಣ್ಣನ್ನ ನೋಡೋರು ಯಾರಿದ್ದಾರೆ ಹೇಳಿ?"

ಯಾರಿದ್ದಾರೆ! ಎರಡು ದಿನ, ಗೇಣು ದೂರದಲ್ಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವಳು ಎದುರಿಗೇ ಕೂತಿದ್ದಳು. ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಡಾಕ್ಟರ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಚಮಚದಿಂದ ಅದನ್ನು ಎತ್ತುತ್ತಾ ಅವರು, "ನೀವು ಡಾಕ್ಟರಲ್ಲ. ನಿಮಗೆ ಯಾರೂ ಇದನ್ನ ಕಲಿಸಿಲ್ಲ. ತಪ್ಪು ನಿಮ್ಮದಲ್ಲ" ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಮಾತು ಹೇಳುವಾಗ ಅವಳ ಮುಖ ನೋಡಲಿಲ್ಲ.

ಸಂಜೆ ಗಂಡನಿಗೆ ಫೋನು ಮಾಡಿದಳು. ಜೋಕಿನ ಮನುಷ್ಯ ಆವತ್ತು ಜೋಕು ಮಾಡಲಿಲ್ಲ.

"ಆ ತಾಯಿಗೆ ಹೇಳ್ತೀನಿ ಕಣ್ರೀ," ಎಂದಳು ಕಣ್ಣಮ್ಮ.

"ಹೇಳಿ? ಕಣ್ಣು ವಾಪಸ್ ಬರುತ್ತಾ? ನಿನ್ನ ಹೊಟ್ಟೆ ಸಂಕಟಾನ ಅವಳ ತಲೆ ಮೇಲೆ ಹೊರಿಸಿ ನೀನು ಹಗುರ ಆಗ್ತೀಯ, ಅಷ್ಟೇ. ಅವಳಿಗೆ ಸಾಲದಾ ಇರೋದು?"

"ಅವಳು ನನ್ನ ದೇವರ ಥರ ನೋಡ್ತಾಳ್ರೀ. ಅದನ್ನ ಹೇಗೆ ತಡ್ಕೊಳ್ಳಲಿ?"

"ತಡ್ಕೋ," ಎಂದ ಗಂಡ. "ಅದೇ ನಿನಗೆ ಶಿಕ್ಷೆ ಅಂದ್ಕೋ."

ಅವನು ಹೇಳಿದ್ದರಲ್ಲಿ ಅರ್ಥವಿತ್ತು, ಅದಕ್ಕೇ ಅವಳಿಗೆ ಸಿಟ್ಟು ಬಂತು. ಮರುದಿನ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬಣ್ಣದ ಪೆಟ್ಟಿಗೆಗೆ ಕೈ ಹಾಕಿದಳು. ಬಣ್ಣ ಕಲಸಿದಳು, ಜೇನಿನ ಬಣ್ಣ, ಅದರ ಅಂಚಿಗೆ ಕಂದು. ನೋಡಿ ಬರೆಯಲು ಈ ಸಲ ಕಣ್ಣೇ ಇರಲಿಲ್ಲ. ಹೋದ ವರ್ಷ ತಾನೇ ಮಾಡಿದ, ಈಗ ಚಿಕ್ಕದಾದ ಕೃತಕ ಕಣ್ಣನ್ನು ಮೇಜಿನ ಮೇಲಿಟ್ಟುಕೊಂಡು ಬರೆದಳು. ಕುರ್ಚಿಯಲ್ಲಿ ಮಗು ಸುಮ್ಮನೆ ಕೂತಿತ್ತು. ಕುಂಚದ ಬಗ್ಗೆ ಕೇಳಲಿಲ್ಲ, ಹಕ್ಕಿಯ ಬಗ್ಗೆ ಕೇಳಲಿಲ್ಲ. ರಿಬ್ಬನ್ನು ಕೈಗೆ ಕೊಟ್ಟರೆ ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಿತು.

ಮೂರನೆಯ ದಿನ ಎರಡೂ ಕಣ್ಣು ಪಾಲಿಶ್ ಆಗಿ ಬಟ್ಟಲಲ್ಲಿ ತಯಾರಿದ್ದವು. ಕೂರಿಸಿದರೆ ಮುಗಿಯಿತು, ಮಧ್ಯಾಹ್ನದ ಬಸ್ಸಿಗೆ ಅವರು ಹೊರಡುವವರು. ಕಣ್ಣಮ್ಮ ಕೈ ತೊಳೆದು ಬಂದಳು. ಆಗ ಮಗು ತಾಯಿಯ ಕಡೆ ತಿರುಗಿ ಏನೋ ಕೇಳಿತು.

"ಏನಂತೆ?" ಎಂದಳು ಕಣ್ಣಮ್ಮ.

ನರ್ಸು ತಡವರಿಸಿದಳು. "ಕರೆಂಟು ಇನ್ನೂ ಯಾಕೆ ಬಂದಿಲ್ಲ ಅಂತ ಕೇಳ್ತಿದೆ ಅಮ್ಮ. ದಿನಾ ಕೇಳುತ್ತಂತೆ."

ಕಣ್ಣಮ್ಮ ಸ್ಟೂಲನ್ನು ಎಳೆದುಕೊಂಡು ತಾಯಿಯ ಎದುರು ಕೂತಳು. "ನಾನು ಹೇಳೋದನ್ನ ಒಂದೂ ಬಿಡದೆ ಹೇಳಮ್ಮ ಇವಳಿಗೆ" ಎಂದಳು ನರ್ಸಿಗೆ. "ಹೋದ ವರ್ಷ ಬಣ್ಣ ಹಾಕ್ತಿದ್ದಾಗ ಇವಳ ಬಲಗಣ್ಣಲ್ಲಿ ಬೆಳ್ಳಗೆ ಹೊಳೆದದ್ದನ್ನ ನಾನು ನೋಡಿದೆ. ಅದೇ ಕಾಯಿಲೆ. ನಾನು ದೀಪದ ಬೆಳಕು ಅಂದ್ಕೊಂಡು ದೀಪ ಸರಿಸಿದೆ. ಅವತ್ತೇ ಒಬ್ಬರಿಗೆ ಹೇಳಿದ್ದಿದ್ರೆ ಆ ಕಣ್ಣು ಉಳೀತಿತ್ತು."

"ಬೇಡ ಅಮ್ಮ," ಎಂದಳು ನರ್ಸು. "ಇದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಅವರು ಹೊರಡಲಿ."

"ಹೇಳು."

"ನಿಮ್ಮ ಕಾಲಿಗೆ ಬೀಳ್ತೀನಿ."

"ಹೇಳು ತಾಯಿ. ನನಗೆ ಅವಳ ಭಾಷೆ ಬಂದಿದ್ರೆ ನಿನ್ನ ಕೇಳ್ತಿರಲಿಲ್ಲ."

ನರ್ಸು ನೆಲ ನೋಡುತ್ತಾ ಹೇಳಿದಳು. ತಾಯಿ ಕೂಗಾಡಲಿ, ಕೆನ್ನೆಗೆ ಬಾರಿಸಲಿ, ಉಗಿಯಲಿ ಎಂದು ಕಣ್ಣಮ್ಮ ಕಾದಳು. ನಿಜ ಹೇಳಬೇಕೆಂದರೆ ಹಾಗಾಗಲಿ ಎಂದೇ ಬೇಡಿಕೊಳ್ಳುತ್ತಿದ್ದಳು. ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಆ ಭಾಷೆಯ ಒಂದು ಮಾತೂ ತಿಳಿಯದಿದ್ದರೂ ಕಣ್ಣಮ್ಮ ಅವಳ ಬಾಯನ್ನೇ ನೋಡುತ್ತಿದ್ದಳು.

"ಅವಳೂ ನೋಡಿದ್ದಳಂತೆ," ಎಂದಳು ನರ್ಸು. "ಊರಿಗೆ ಹೋದ ವಾರಕ್ಕೇ. ಸಂಜೆ ಹೊತ್ತು, ಒಲೆ ಮುಂದೆ. ಆ ಕಣ್ಣು ಬೆಳ್ಳಗೆ ಮಿಂಚಿತಂತೆ. ಇವಳ ಅತ್ತೆ ನೋಡಿ ಹೆದರಿ, ನಾಳೇನೇ ಆಸ್ಪತ್ರೆಗೆ ಹೊರಡು ಅಂದ್ರಂತೆ. ಬಟ್ಟೆ ಗಂಟನ್ನೂ ಕಟ್ಟಿದ್ರಂತೆ."

"ಮತ್ತೆ?"

"ಇವಳೇ ಬೇಡ ಅಂದಳಂತೆ. ಆ ಪರದೇಶದ ಅಮ್ಮ ಎರಡು ದಿನ ಇದೇ ಕಣ್ಣನ್ನ ನೋಡ್ತಾ ಕೂತಿದ್ರು ಅತ್ತೆ, ಏನಾದ್ರೂ ಇದ್ದಿದ್ರೆ ಅವರು ಹೇಳದೇ ಇರ್ತಿದ್ರಾ, ಅಂತ. ಗಂಟನ್ನ ಇವಳೇ ಬಿಚ್ಚಿಟ್ಟಳಂತೆ."

ಇಷ್ಟು ಹೇಳಿ ನರ್ಸು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಳು. ತಾನು ನೋಡಿಯೂ ಹೇಳಲಿಲ್ಲ ಎಂಬುದಷ್ಟೇ ಪಾಪ ಎಂದುಕೊಂಡಿದ್ದಳು ಕಣ್ಣಮ್ಮ. ತಾನು ಸುಮ್ಮನಿದ್ದದ್ದನ್ನೇ ಆ ಹೆಂಗಸು ಭರವಸೆ ಎಂದುಕೊಂಡು ಊರಿಗೆ ಒಯ್ದಿದ್ದಳು.

ತಾಯಿ ಮಗುವಿನ ಮೂಗು ಒರೆಸಿ, ಎತ್ತಿ ಕುರ್ಚಿಯಲ್ಲಿ ಸರಿಯಾಗಿ ಕೂರಿಸಿದಳು. ಬಟ್ಟಲಿನ ಕಡೆ ಕೈ ತೋರಿಸಿ ಒಂದೇ ಒಂದು ಮಾತು ಹೇಳಿದಳು. ಅದಕ್ಕೆ ತರ್ಜುಮೆ ಬೇಕಿರಲಿಲ್ಲ. ಕಣ್ಣಮ್ಮ ಎದ್ದು ಮಗುವಿನ ರೆಪ್ಪೆ ಬಿಡಿಸಿ ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಕೂರಿಸಿದಳು. ಮೂವತ್ತೆರಡು ವರ್ಷದ ಅಭ್ಯಾಸ ನೋಡಿ, ಹಾಳು ಕೈ ನಡುಗಲೂ ಇಲ್ಲ.