ನಲವತ್ತು ದಾಟದ ಮುಳ್ಳು

ಹಳೇ ಬುಲೆಟ್ಟಿಗೆ ಕಿಲೋಮೀಟರಿನ ಹೊಸ ಮೀಟರು ಬೇಕೆಂದರೆ ಹುಬ್ಬಳ್ಳಿಯಿಂದ ತರಿಸಬೇಕು. ಹದಿನೆಂಟುನೂರು ರೂಪಾಯಿ, ಮೇಲೆ ನಾಲ್ಕು ದಿನ ಕಾಯುವುದು ಬೇರೆ. ಗುಜರಿಯಲ್ಲಿ ಸಿಕ್ಕರೆ ಏಳುನೂರು, ಆದರೆ ಅದು ಎಷ್ಟು ದಿನ ಬದುಕೀತು ಎಂದು ಹೇಳುವವರಿಲ್ಲ. ಮೈಲಿನ ಮೀಟರು ಮಾತ್ರ ಇನ್ನೂರೈವತ್ತಕ್ಕೇ ಸಿಗುತ್ತದೆ, ಅದೂ ಈಗಲೇ. ಯಾಕೆಂದರೆ ಅದು ಯಾರಿಗೂ ಬೇಡ.

ಜೊಯಿಡಾ ಬಸ್ ನಿಲ್ದಾಣದ ಪಕ್ಕದ ತನ್ನ ಗ್ಯಾರೇಜಿನಲ್ಲಿ ತಾಜುದ್ದೀನ ಈ ದರಗಳನ್ನು ಹೇಳಿದಾಗ ಎದುರಿಗೆ ನಿಂತಿದ್ದವಳು ನೀಲಂ ಒಬ್ಬಳೇ. ಅವಳ ಅಪ್ಪ ಇನಾಸ ಯಾವುದಾದರೂ ಟೆಂಪೋ ಸಿಕ್ಕೀತೇ ಎಂದು ನಿಲ್ದಾಣದ ಕಡೆ ಓಡಿದ್ದ. ಬೆಳಗಿನ ಬಸ್ಸು ಬಂದಿರಲಿಲ್ಲ. ಮುಂದಿನದು ಹನ್ನೊಂದಕ್ಕೆ. ಹಳಿಯಾಳದ ಅಖಾಡದಲ್ಲಿ ಜಿಲ್ಲಾ ತಂಡದ ಹುಡುಗಿಯರ ಕುಸ್ತಿ ಆಯ್ಕೆಗೆ ತೂಕ ಹಾಕುವುದು ಹತ್ತಕ್ಕೆ ಮುಗಿಯುತ್ತದೆ. ತೂಕ ತಪ್ಪಿದರೆ ಕುಸ್ತಿಯೂ ಇಲ್ಲ, ಮುಂದಿನ ವರ್ಷದವರೆಗೆ ಏನೂ ಇಲ್ಲ. ತೂಕ ಐವತ್ಮೂರು ಕಿಲೋ ದಾಟಬಾರದೆಂದು ನೀಲಂ ನಿನ್ನೆ ಮಧ್ಯಾಹ್ನದಿಂದ ಊಟ ಬಿಟ್ಟಿದ್ದಳು. ಅವ್ವ ಕಟ್ಟಿಕೊಟ್ಟ ಬೇಯಿಸಿದ ಮೊಟ್ಟೆಗಳು ಚೀಲದಲ್ಲಿ ಹಾಗೇ ಇದ್ದವು.

ಗಾಡಿಗೆ ಆದದ್ದೇನೂ ದೊಡ್ಡದಲ್ಲ. ಮನೆ ಬಿಟ್ಟು ಸ್ವಲ್ಪ ದೂರ ಬರುತ್ತಲೇ ಮೀಟರಿನ ಮುಳ್ಳು ಬಿದ್ದು ಸೊನ್ನೆಯ ಮೇಲೆ ಮಲಗಿತ್ತು. ಬೇರೆ ಯಾರೇ ಆದರೂ ಅದನ್ನು ನೋಡದೆ ಹೋಗುತ್ತಿದ್ದರು. ಇನಾಸ ಹೋಗುವವನಲ್ಲ. ಮೂರು ವರ್ಷದ ಹಿಂದೆ ಒಂದು ತಿರುವಿನಲ್ಲಿ ಗಾಡಿ ಜಾರಿ, ಹಿಂದೆ ಕುಳಿತಿದ್ದ ಹೆಂಡತಿ ಇಜಾಬೆಲ್‌ಳ ಭುಜದ ಎಲುಬು ಮುರಿದಿತ್ತು. ಅವಳು ಆಸ್ಪತ್ರೆಯಿಂದ ಬಂದವಳೇ ಗಂಡನನ್ನು ಮೇರಿ ಮಾತೆಯ ಪಟದ ಮುಂದೆ ನಿಲ್ಲಿಸಿ, ಮುಳ್ಳು ನಲವತ್ತು ದಾಟುವುದಿಲ್ಲವೆಂದು ಆಣೆ ಹಾಕಿಸಿದ್ದಳು. ಅಂದಿನಿಂದ ಅದು ದಾಟಿರಲಿಲ್ಲ.

"ಮುಳ್ಳು ಸೊನ್ನಿ ಮ್ಯಾಲ ಕುಂತೈತಿ, ಇನಾಸಣ್ಣಾ," ಎಂದು ತಾಜುದ್ದೀನ ಆಗಲೇ ನಕ್ಕಿದ್ದ. "ನಲವತ್ತು ದಾಟೂದು ದೂರ ಉಳೀತು, ಒಂದನೂ ದಾಟೂದಿಲ್ಲ. ನಿನ್ನ ಆಣಿ ಮತ್ತಿಷ್ಟು ಗಟ್ಟಿ ಆತು, ಹೋಗು!"

"ದೇವರ ಮುಂದ ಚ್ಯಾಷ್ಟಿ ನಡಿಯಂಗಿಲ್ಲೋ ತಾಜಣ್ಣಾ. ಮುಳ್ಳು ಏಳಬೇಕು, ಆಮ್ಯಾಲ ನಾ ಗಾಡಿ ಏರಬೇಕು," ಎಂದು ಇನಾಸ ಹೊರಟುಹೋಗಿದ್ದ.

ಈಗ ತಾಜುದ್ದೀನ ಹಲಗೆಯ ಹಿಂದಿನಿಂದ ಧೂಳು ತಿಂದ ಮೀಟರೊಂದನ್ನು ತೆಗೆದು ಒರೆಸಿದ. ಗೋವೆಯಿಂದ ಬಂದ ವಿದೇಶಿಯೊಬ್ಬ ಬಿಟ್ಟುಹೋದದ್ದು. "ಕೇಬಲ್ ಅದ ನಡೀತೈತಿ, ಡಬ್ಬಿ ಅಷ್ಟ ಬದಲಿ. ಆದ್ರ ನೋಡವಾ, ಇದು ಮೈಲು ತೋರಸ್ತೈತಿ. ಇದರಾಗ ಇಪ್ಪತ್ತೈದು ಅಂದ್ರ ನಮ್ಮ ನಲವತ್ತು. ನಿಮ್ಮಪ್ಪಗ ಬರೋಬ್ಬರಿ ತಿಳಿಸಿ ಹೇಳು."

"ಹೇಳ್ತೇನ್ರಿ ಚಾಚಾ," ಎಂದಳು ನೀಲಂ, ತನ್ನ ಪರ್ಸಿನಿಂದ ದುಡ್ಡು ತೆಗೆಯುತ್ತ.

ಹೇಳಲಿಲ್ಲ. ಟೆಂಪೋ ಸಿಗದೆ ಬೆವರು ಒರೆಸಿಕೊಳ್ಳುತ್ತ ಬಂದ ಇನಾಸ, ನೀಲಂ ಮುಂದಿನ ಗಾಲಿ ತಿರುವಿ ತೋರಿಸಿದಾಗ ಹೊಸ ಗಾಜಿನ ಹಿಂದೆ ಮುಳ್ಳು ಮಿಸುಕುವುದನ್ನು ಕಂಡು, "ಎದ್ದಿತಲ್ಲ!" ಎಂದು ಅದನ್ನು ತಟ್ಟಿದ. ಅಂಕಿಗಳ ಕೆಳಗಿನ ಸಣ್ಣ ಅಕ್ಷರಗಳು ಮಾಸಿ ಹೋಗಿದ್ದವು. ಇದ್ದರೂ ಅವನು ಅವುಗಳನ್ನು ನೋಡುವ ಹೊತ್ತು ಅದಾಗಿರಲಿಲ್ಲ. ನೀಲಂ ಬೇಗ ಹಿಂದೆ ಹತ್ತಿ ಕುಳಿತಳು.

ಬುಲೆಟ್ಟು ಗಣೇಶಗುಡಿಯ ದಾರಿ ಹಿಡಿಯಿತು. ಮುಳ್ಳು ಮೂವತ್ತಕ್ಕೆ ಬಂತು, ಮೂವತ್ತೈದಕ್ಕೆ ಬಂತು, ನಲವತ್ತರ ಹೊಸ್ತಿಲಲ್ಲಿ ನಿಂತಿತು. ಮರಗಳು ಹಿಂದಕ್ಕೆ ಹಾರತೊಡಗಿದವು. ನೀಲಂಳ ಓಢಣಿ ಹಾವಿನಂತೆ ಬಡಿದಾಡಿತು. ಅಪ್ಪನ ಬೆನ್ನ ಹಿಂದೆ ಕುಳಿತು ಇಂಥ ಗಾಳಿಯನ್ನು ಅವಳು ಎಂದೂ ಕುಡಿದಿರಲಿಲ್ಲ.

"ಇವತ್ತು ಎದುರ ಗಾಳಿ ಬಾಳ ಐತಿ ಬಿಡು!" ಎಂದು ಇನಾಸ ಕೂಗಿದ.

"ಹೂಂ ಪಪ್ಪಾ, ಬಾಳ ಐತಿ!"

"ಇಂಜಿನ್ನೂ ಒದರಾಕತ್ತೈತಿ. ಎಣ್ಣಿ ಬದಲಿ ಮಾಡಬೇಕು!"

ಮುಳ್ಳನ್ನು ನಂಬಿದವನಿಗೆ ಮೈ ಹೇಳಿದ್ದು ಕೇಳಿಸುವುದಿಲ್ಲ. ರಬ್ಬರ್ ದೋಣಿ ಹೇರಿಕೊಂಡ ಜೀಪೊಂದು ಮುಂದೆ ಸಿಕ್ಕಿತು. ಇನಾಸ ಗಣೇಶಗುಡಿಯಲ್ಲಿ ದೋಣಿ ನಡೆಸುವವನು, ಜೀಪಿನ ಚಾಲಕ ರುದ್ರೇಶ ಅವನ ಜೊತೆಗಾರ. ಬುಲೆಟ್ಟು ತನ್ನನ್ನು ದಾಟಿದ್ದು ನೋಡಿ ರುದ್ರೇಶ ಕಿಟಕಿಯಿಂದ ಅರ್ಧ ಹೊರಗೆ ಬಂದ.

"ಏ ಇನಾಸ! ಯಾರ ಮನಿಗಿ ಬೆಂಕಿ ಬಿದ್ದೈತೋ?"

ಇನಾಸ ಮುಳ್ಳು ನೋಡಿದ. ನಲವತ್ತೇ. "ಅವನ ಜೀಪು ಮುದುಕಾತು," ಎಂದು ಕನಿಕರಪಟ್ಟ.

ಮುಂದಿನ ತಿರುವಿನಲ್ಲಿ ಎಮ್ಮೆಯೊಂದು ರಸ್ತೆಯ ನಡುವೆ ನಿಂತಿತ್ತು. ಇನಾಸ ಬ್ರೇಕು ಹಾಕಿದ. ಗಾಡಿ ನಿಲ್ಲಲಿಲ್ಲ, ಕಿರುಚಿತು, ಹಿಂದಿನ ಗಾಲಿ ಬದಿಗೆ ಜಾರಿತು. ಇನಾಸ ಕಾಲೂರಿ ಹೇಗೋ ಎತ್ತಿ ಹಿಡಿದ. ಎಮ್ಮೆಯ ಬಾಲ ನೀಲಂಳ ಮೊಣಕಾಲಿಗೆ ಸವರಿಹೋಯಿತು. ಕೊನೆಗೆ ಗಾಡಿ ನಿಂತಿತು.

"ಮೂವತ್ತೈದರಾಗ ಇದ್ದೆ," ಇನಾಸ ಬ್ರೇಕಿನ ಹಿಡಿ ಒತ್ತಿ ಒತ್ತಿ ನೋಡಿದ. "ಮೂವತ್ತೈದಕ್ಕ ಹಿಂಗ ಎಂದೂ ಆಗಿಲ್ಲ. ಬ್ರೇಕ್ ಹೋಗ್ಯಾವು ಮಗಾ. ನಡಿ, ತಿರುಗಿ ಹೋಗೂಣು. ತಾಜಣ್ಣ ಬ್ರೇಕ್ ಬಿಚ್ಚಿ ನೋಡ್ಲಿ."

ತಿರುಗಿದರೆ ಹಳಿಯಾಳ ಮುಗಿದಂತೆ. ತಿರುಗದೆ, ಹೇಳದೆ ಹೋದರೆ ಮುಂದಿನ ತಿರುವು. ನೀಲಂ ಎಮ್ಮೆಯನ್ನು ನೋಡಿದಳು, ಅಪ್ಪನ ಕೈ ನೋಡಿದಳು.

"ಬ್ರೇಕ್ ಬರೋಬ್ಬರಿ ಅದಾವು ಪಪ್ಪಾ. ಮೀಟರ್ ಮೈಲಿಂದು. ಅದರಾಗ ನಲವತ್ತು ಅಂದ್ರ ನಮ್ಮ ಅರವತ್ತನಾಕು. ಚಾಚಾ ನಿನಗ ಹೇಳು ಅಂದಿದ್ರು. ನಾ ಹೇಳಲಿಲ್ಲ."

ಇನಾಸ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಲ್ಮೆಟ್ಟು ಸರಿಮಾಡಿಕೊಂಡು, "ನಮ್ಮ ನಲವತ್ತು ಇದರಾಗ ಎಷ್ಟು?" ಎಂದಷ್ಟೇ ಕೇಳಿದ.

"ಇಪ್ಪತ್ತೈದು."

ಮುಳ್ಳು ಇಪ್ಪತ್ತೈದರ ಮೇಲೆ ಮೊಳೆ ಹೊಡೆದಂತೆ ಕೂತಿತು. ಗಾಡಿ ಕುಟುಕುಟು ಎನ್ನುತ್ತ ಹೊರಟಿತು. ಸ್ವಲ್ಪ ಹೊತ್ತಿಗೆ ಜೀಪು ಹಿಂದಿನಿಂದ ಬಂದು ದಾಟಿತು. "ಬೆಂಕಿ ಆರಿತೇನೋ?" ಎಂದ ರುದ್ರೇಶ. ನೀಲಂ ಹಲ್ಲು ಕಚ್ಚಿಕೊಂಡು ಅಳು ನುಂಗಿದಳು.

ಗಣೇಶಗುಡಿಯಲ್ಲಿ ಫೋನು ಬಡಿಯಿತು. ಇಜಾಬೆಲ್. ಇನಾಸ ಬದಿಗೆ ನಿಲ್ಲಿಸಿ ಸ್ಪೀಕರ್ ಹಾಕಿದ.

"ಹಳಿಯಾಳ ಮುಟ್ಟಿದ್ರೇನ್ರಿ?"

"ಇಲ್ಲ. ಗಣೇಶಗುಡಿ."

"ಇನ್ನೂ ಗಣೇಶಗುಡಿ? ಮೆರವಣಿಗಿ ಹೊಂಟೀರೇನು? ಕೂಸು ನಿನ್ನೆಯಿಂದ ತುತ್ತು ನುಂಗಿಲ್ಲ!"

"ಮುಳ್ಳು ನಲವತ್ತು ದಾಟಬಾರ್ದು ಅಂದಾಕಿ ಯಾರು?"

ಅತ್ತ ಕಡೆ ಕೋಳಿ ಕೂಗಿತು.

"ಆಣಿ ಹಾಕಿಸಿದಾಕಿ ನಾನು, ತಗಿಯಾಕಿನೂ ನಾನ. ಇವತ್ತೊಂದಿನ. ತಿರುವಿನ್ಯಾಗ ಹಗೂರ ಹೋಗ್ರಿ, ನೆಟ್ಟಗಿನ ದಾರಿ ಸಿಕ್ಕ ಮ್ಯಾಲ ಓಡಸ್ರಿ. ಮುರಿದ ಎಲುಬು ನಂದು, ನಾ ಹೇಳಾಕತ್ತೇನಿ. ಮಾತಾಡಕೋತ ನಿಂದ್ರಬ್ಯಾಡ್ರಿ, ಇಡ್ರಿ ಫೋನ್!"

ಇನಾಸ ಫೋನನ್ನು ಜೇಬಿಗಿಟ್ಟು ಆಕಾಶ ನೋಡಿದ, ಮುಳ್ಳು ನೋಡಿದ. ಕೊನೆಗೆ ಹಿಂದೆ ತಿರುಗಿ ಮಗಳನ್ನು ನೋಡಿದ. "ಗಟ್ಟಿ ಹಿಡಕೊ," ಎಂದ.

ದಾಂಡೇಲಿಯವರೆಗೆ ತಿರುವು ಬಂದಾಗೆಲ್ಲ ತಗ್ಗಿಸಿ, ನೇರ ಬಂದಾಗ ಏರಿಸಿ ಓಡಿಸಿದ. ಊರೊಳಗಿನ ಜನಜಂಗುಳಿಯಲ್ಲಿ ಹಾರ್ನು ಹೊಡೆಯುತ್ತ ನುಸುಳಿದ. ದಾಂಡೇಲಿ ಹಿಂದೆ ಬಿದ್ದು ಹಳಿಯಾಳದ ರಸ್ತೆ ಹಗ್ಗದಂತೆ ನೆಟ್ಟಗೆ ಬಿಚ್ಚಿಕೊಂಡಾಗ ಬುಲೆಟ್ಟು ಗುಡುಗಿತು. ಸಾಗವಾನಿ ಮರಗಳು ಮುಗಿದು ಕಬ್ಬಿನ ಹೊಲಗಳು ಓಡಿಬಂದವು. ಕಬ್ಬಿನ ಟ್ರ್ಯಾಕ್ಟರು ಹಿಂದಾಯಿತು. ಕೆಂಪು ಬಸ್ಸೊಂದು ಹಿಂದಾಯಿತು, ಕಿಟಕಿಯಲ್ಲಿದ್ದ ಹುಡುಗರು ಸಿಳ್ಳೆ ಹೊಡೆದರು.

"ಎಷ್ಟಾತು?" ಇನಾಸ ರಸ್ತೆಯಿಂದ ಕಣ್ಣು ಕೀಳದೆ ಕೂಗಿದ.

ನೀಲಂ ಅವನ ಭುಜದ ಮೇಲಿಂದ ಬಾಗಿ ನೋಡಿದಳು. "ನಲವತ್ತು!"

"ನಮ್ಮ ಲೆಕ್ಕದಾಗ ಹೇಳಲೇ, ನನಗ ಸುಳ್ಳಿಂದು ಬ್ಯಾಡ!"

"ಅರವತ್ತನಾಕು!"

ಇನಾಸನ ಬೆನ್ನು ಅಲುಗಾಡಿತು. ಅವನು ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಾಗೆ ಮೈತುಂಬ ನಕ್ಕದ್ದನ್ನು ಅವಳು ಆ ಅಪಘಾತದ ನಂತರ ನೋಡಿರಲಿಲ್ಲ.

ಅಖಾಡದ ಬಾಗಿಲಲ್ಲಿ ಕುಸ್ತಿ ಕಲಿಸುವ ವಸ್ತಾದ ಚನಬಸಪ್ಪ ತಕ್ಕಡಿ ಎತ್ತಿಸುತ್ತಿದ್ದ. ಧೂಳು ಮೆತ್ತಿದ ಹುಡುಗಿ ಹೆಲ್ಮೆಟ್ಟಿನ ಸಮೇತ ಓಡಿಬಂದದ್ದನ್ನು ಕಂಡು, "ಹೆಲ್ಮೆಟ್ ತಗಿಯವಾ ತಾಯಿ, ಅದರ ತೂಕನೂ ಹಿಡಿಲೇನು?" ಎಂದ. ತಕ್ಕಡಿಯನ್ನು ಮತ್ತೆ ನೆಲಕ್ಕಿಡಿಸಿದ. ನೀಲಂಳ ತೂಕ ಐವತ್ಮೂರಕ್ಕೆ ಕೂದಲಿನಷ್ಟು ಕಡಿಮೆ ಬಂತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅವ್ವನ ಮೊಟ್ಟೆಗಳನ್ನು ಒಂದರ ಹಿಂದೊಂದು ನುಂಗಿದಳು.

ಎರಡು ಕುಸ್ತಿ ಗೆದ್ದಳು. ಎರಡನೆಯದರಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದಾಗ ಇನಾಸ ತಾನೇ ಗೆದ್ದಂತೆ ಹೆಲ್ಮೆಟ್ಟನ್ನು ಮೇಲಕ್ಕೆಸೆದು ಹಿಡಿದ. ಕೊನೆಯ ಕುಸ್ತಿಯಲ್ಲಿ ಮುಂಡಗೋಡದ ಹುಡುಗಿಯೊಬ್ಬಳು ಅವಳನ್ನು ನಿಚ್ಚಳವಾಗಿ ಚಿತ್ ಮಾಡಿದಳು. ತಂಡದಲ್ಲಿ ಆ ತೂಕಕ್ಕೆ ಒಂದೇ ಜಾಗ, ಅದು ಆ ಹುಡುಗಿಗೆ ಹೋಯಿತು. ಎರಡನೆಯವಳಾದ ನೀಲಂಗೆ ತರಬೇತಿ ಶಿಬಿರದ ಜಾಗ ಸಿಕ್ಕಿತು. ಒಂದು ತಿಂಗಳು ಊಟ, ವಸತಿ, ಒಳ್ಳೆಯ ವಸ್ತಾದರು.

ಅದು ಗಳಿಸಿದ್ದು. ಕಳೆದದ್ದೂ ಇತ್ತು. ಇನಾಸ ಮೀಟರಿನ ವಿಷಯವನ್ನು ಮತ್ತೆ ಎತ್ತಲಿಲ್ಲ, ಮಗಳ ಮೇಲೆ ಸಿಟ್ಟನ್ನೂ ಇಟ್ಟುಕೊಳ್ಳಲಿಲ್ಲ. ಆದರೆ ಅಂದಿನಿಂದ ಅವಳು ಏನು ಹೇಳಿದರೂ, "ಖರೇನ?" ಎಂದು ಒಂದು ಸಲ ಕೇಳುತ್ತಿದ್ದ. ಮೊದಲು ಕೇಳುತ್ತಿರಲಿಲ್ಲ.