ಜಗಲಿಗೆ ಇಟ್ಟ ಪೀಸು

ಕೇಳಿ ತೆಗೆದುಕೊಂಡರೆ ಯಾಕೆ ಎಂದು ಹೇಳಬೇಕಾಗುತ್ತದೆ. ಕೇಳದೆ ತೆಗೆದುಕೊಂಡರೆ ದೇವರ ಜಗಲಿಯಿಂದ ಕದ್ದಂತಾಗುತ್ತದೆ. ಎರಡರಲ್ಲಿ ಯಾವುದು ಸಣ್ಣ ತಪ್ಪು? ರೇನರ್ಸ್ ಲೇನಿನ ತನ್ನ ಮನೆಯ ಮಹಡಿಯಲ್ಲಿ, ಬಾಯ್ಲರ್ ಪಕ್ಕದ ಕಪಾಟಿನ ಮುಂದೆ ಬೂಟು ಕಳಚಿ ನಿಂತ ಪರಪ್ಪನಿಗೆ ಅದು ಬಗೆಹರಿಯಲಿಲ್ಲ.

ಕಪಾಟಿನ ಒಳಗೆ ಬೆಚ್ಚಗಿತ್ತು. ಮೇಲಿನ ಹಲಗೆಯಲ್ಲಿ ಮಡಿಸಿಟ್ಟ ಟವೆಲು, ಚಾದರಗಳು. ನಡುವಿನ ಹಲಗೆ ಅವನ ಹೆಂಡತಿ ನೀಲವ್ವನ ಜಗಲಿ. ಬಸವಣ್ಣನ ಪಟ, ವಿಭೂತಿಗಟ್ಟಿ, ಆರಿದ ದೀಪ, ಅವುಗಳ ಮುಂದೆ ಸಾಲಾಗಿ ಕುಳಿತ ಲೋಹದ ಸಾಮಾನುಗಳು: ಗಾಲಿಕುರ್ಚಿಯ ಬಿರಡೆ, ಲಿಫ್ಟ್ ಬಾಗಿಲು ಜಾರುವ ಗಾಲಿ, ಸಿನಿಮಾ ಥಿಯೇಟರಿನ ಕುರ್ಚಿಯ ಕೀಲು. ವರ್ಕ್‌ಶಾಪಿಗೆ ಹೊಸ ಆರ್ಡರ್ ಬಂದಾಗಲೆಲ್ಲ ಲೇಥಿನಿಂದ ಇಳಿದ ಮೊದಲ ಪೀಸು ಜಗಲಿಗೆ ಬರುವುದು ಈ ಮನೆಯ ಪದ್ಧತಿ. ಸಾಲಿನ ಕೊನೆಯಲ್ಲಿ ನಿನ್ನೆ ಬಂದದ್ದಿತ್ತು. ಹೆಬ್ಬೆರಳು ತೊಡಬಹುದಾದಷ್ಟು ದೊಡ್ಡ ಹಿತ್ತಾಳೆಯ ಟೋಪಿ. ಅದರ ನೆತ್ತಿಯ ಮೇಲೆ, ಬುಡದ ಸುತ್ತ ಕುಂಕುಮ, ಕುಂಕುಮಕ್ಕೆ ಅಂಟಿದ ಒಂದು ಸೇವಂತಿಗೆಯ ಎಸಳು.

ಅದು ತೋಪಿನ ಗುಂಡಿನ ಮೂತಿಗೆ ಕೂರುವ ಟೋಪಿ. ನೀಲವ್ವನಿಗೆ ಗೊತ್ತಿದ್ದ ಮಟ್ಟಿಗೆ ನೀರಿನ ಪಂಪಿನದು.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥು ಕಲಿತ ಪರಪ್ಪ ವಿಲಾಯತಿಗೆ ಬಂದು ಸೌತ್‌ಹಾಲಿನ ಬ್ರಾಡ್‌ವೇ ಹಿಂದಿನ ಗಲ್ಲಿಯಲ್ಲಿ ಸ್ವಂತ ವರ್ಕ್‌ಶಾಪು ಹಾಕಿ ಬಹಳ ಕಾಲವಾಗಿತ್ತು. ಅಷ್ಟು ದಿನ ಅನ್ನ ಹಾಕಿದ ಲಿಫ್ಟ್ ಕಂಪನಿ ಆ ವರ್ಷ, ತೊಂಬತ್ತೊಂಬತ್ತರಲ್ಲಿ, ಕೆಲಸವನ್ನೆಲ್ಲ ಪೋಲೆಂಡಿಗೆ ಒಯ್ದಿತು. ಮೂರು ಲೇಥುಗಳಲ್ಲಿ ಎರಡು ಬಟ್ಟೆ ಹೊದ್ದು ಕುಳಿತವು. ಕನ್ನಡ ಬಳಗದ ಯುಗಾದಿ ಊಟದಲ್ಲಿ ಸಿಕ್ಕ ಇಂಚರಾ ಅವನ ಕಷ್ಟ ಕೇಳಿ, ಒಮ್ಮೆ ತನ್ನ ಆಫೀಸಿಗೆ ಬನ್ನಿ ಎಂದಳು. ಮೈಸೂರಿನ ಡಾಕ್ಟರೊಬ್ಬರ ಮಗಳು, ಹುಟ್ಟಿ ಬೆಳೆದದ್ದು ಹ್ಯಾರೋದಲ್ಲಿ. ಸಣ್ಣ ಕಾರ್ಖಾನೆಗಳಿಗೆ ಸೈನ್ಯದ ಆರ್ಡರ್ ಸಿಗುವಂತೆ ದಾರಿ ತೋರಿಸುವ ಸರಕಾರಿ ಸಹಾಯ ಕೇಂದ್ರವೊಂದರಲ್ಲಿ ಅವಳ ಕೆಲಸ. ಅವಳೇ ಅವನನ್ನು ಒಂದು ಸಭೆಗೆ ಕರೆದೊಯ್ದು ಕೂರಿಸಿದಳು. ಚಹಾ ಬಿಸ್ಕೀಟು ಕೊಟ್ಟು, ಸೈನ್ಯಕ್ಕೆ ಬೇಕಾಗುವುದು ಬರೀ ಬಂದೂಕಲ್ಲ, ಬೂಟಿನ ದಾರದಿಂದ ಅಡುಗೆಮನೆಯ ನಲ್ಲಿಯವರೆಗೆ ಎಲ್ಲವೂ ಬೇಕು ಎಂದು ಅಲ್ಲಿ ಹೇಳಿದರು. ಪರಪ್ಪ ನಲ್ಲಿಯ ಆಸೆಯಲ್ಲಿ ಹೆಸರು ಬರೆಸಿದ್ದ. ಪರೀಕ್ಷೆಗೆಂದು ಬಂದ ಆರ್ಡರು ಮಾತ್ರ ಈ ಟೋಪಿಯದು. ಇದರಲ್ಲಿ ಪಾಸಾದರೆ ಮೂರೂ ಲೇಥುಗಳಿಗೆ ವರ್ಷಗಟ್ಟಲೆ ಕೆಲಸ. ಇಲ್ಲದಿದ್ದರೆ ಕ್ರಿಸ್‌ಮಸ್ಸಿಗೆ ವರ್ಕ್‌ಶಾಪಿನ ಬೀಗದಕೈ ಜಾಗದ ಮಾಲೀಕನಿಗೆ.

ಹೆಂಡತಿಗೆ ಪಂಪು ಎಂದು ಹೇಳಲು ಕಾರಣ ಅವಳ ತಮ್ಮ ಶಾಂತಪ್ಪ. ಹನ್ನೆರಡು ವರ್ಷದ ಹಿಂದೆ ಶ್ರೀಲಂಕಾಕ್ಕೆ ಹೋದ ಪಲ್ಟನ್ನಿನಲ್ಲಿ ಅವನಿದ್ದ. ಜಾಫ್ನಾದ ಹೊರಗೆ ಗುಂಡೊಂದು ಬಿದ್ದು ಸಿಡಿದು, ಎರಡು ಕಾಲೂ ಮೊಣಕಾಲಿನಿಂದ ಕೆಳಗೆ ಹೋದವು. ಆ ಸುದ್ದಿ ಬಂದ ವಾರ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದ ನೀಲವ್ವ ತಿರುಗಿ ನೋಡದೆ ಒಂದು ಮಾತು ಅಂದಿದ್ದಳು: "ಆ ಗುಂಡನ್ನೂ ಯಾರೋ ನಿಮ್ಮಂಥಾವ್ರ ಲೇಥಿಗೆ ಹಚ್ಚಿ ಮಾಡಿರ್ಬೇಕಲ್ರೀ." ಮತ್ತೆ ಆ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ.

ನಿನ್ನೆ ಖಂಡೇಪೂಜೆ, ಅಂದರೆ ಆಯುಧಪೂಜೆ. ಪ್ರತಿ ವರ್ಷದಂತೆ ನೀಲವ್ವ ಸಂಜೆ ವರ್ಕ್‌ಶಾಪಿಗೆ ಬಂದಳು. ಮೂರು ಲೇಥಿಗೂ ವಿಭೂತಿ ಹಚ್ಚಿ, ಕಾಯಿ ಒಡೆದು, ಮೊದಲ ಪೀಸು ಯಾವುದು ಎಂದು ಕೇಳಿ, ಪರಪ್ಪ ಗದ್ದದಿಂದ ತೋರಿಸಿದ್ದನ್ನು ಟ್ರೇಯಿಂದ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಈ ಸಲ ಬೇಡ ಎನ್ನಬಹುದಿತ್ತು. ಬೇಡ ಎಂದರೆ ಕಾರಣ ಕೊಡಬೇಕಿತ್ತು. ಅವನು ಆರತಿ ತಟ್ಟೆ ಹಿಡಿದು ನಿಂತ.

ಇವತ್ತು ಬೆಳಿಗ್ಗೆ ಇಂಚರಾಳ ಜೊತೆ ಸೈನ್ಯದ ಸಾಮಾನು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಪ್ರೈಸ್ ಬಂದ. ವೇಲ್ಸಿನ ಕಡೆಯವನು, ಮಾತು ಕಡಿಮೆ. ಅಳತೆಗಳೆಲ್ಲ ಅವನಿಗೆ ಒಪ್ಪಿಗೆಯಾದವು. ಆಮೇಲೆ ಒಳ್ಳೆಯ ಪೀಸು, ಕೆಟ್ಟ ಪೀಸು ಎರಡನ್ನೂ ಎಣಿಸಿದ. ಒಂದು ಕಡಿಮೆ. ಇಂಥ ಸಾಮಾನಿನಲ್ಲಿ ಕೆಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಒಂದೂ ಹೊರಗೆ ಹೋಗಬಾರದು ಎಂದು ಇಂಚರಾ ಮೊದಲೇ ಹೇಳಿದ್ದಳು. ಪ್ರೈಸ್ ಸಿಟ್ಟಾಗಲಿಲ್ಲ. ಊಟ ಮುಗಿಸಿ ಬರುತ್ತೇನೆ, ಅಷ್ಟರಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ಸಹಿ ಹಾಕಲು ಬರುವುದಿಲ್ಲ ಎಂದ. ಇಂಚರಾ ಅವನನ್ನು ಬ್ರಾಡ್‌ವೇ ಕಡೆಗೆ ಊಟಕ್ಕೆ ಕರೆದೊಯ್ದಳು. ಪರಪ್ಪ ವ್ಯಾನು ಹತ್ತಿ ಮನೆಗೆ ಬಂದ.

ಕೆಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ದಸರೆಗೆಂದು ನೀಲವ್ವ ಶಾಲೆಯ ಅಡುಗೆಮನೆಯ ಕೆಲಸಕ್ಕೆ ರಜೆ ಹಾಕಿದ್ದಳು. ಅವನು ಬಂದಾಗ ಫೋನಿನಲ್ಲಿದ್ದಳು; ಮುಗುಳ್ನಕ್ಕು ಮೇಲೆ ಹೋಗಲು ಬಿಟ್ಟಿದ್ದಳು. ಪರಪ್ಪ ಹಿತ್ತಾಳೆಯ ಟೋಪಿಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದ. ಆಗಲೇ ಕೆಳಗಿನಿಂದ ಕರೆ ಬಂತು.

"ರೀ, ಲಗೂನ ಇಳದು ಬರ್ರಿ. ಶಾಂತಪ್ಪ ಮಾತಾಡ್ತಾನಂತ. ಫೋನ್ ಕಾರ್ಡಿನಾಗಿನ ರೊಕ್ಕ ಮುಗ್ಯಾಕ ಬಂದೈತಿ."

ಬಲಗೈ ಮುಷ್ಟಿ ಬಿಚ್ಚದೆ, ಎಡಗೈಯಿಂದ ರಿಸೀವರು ಹಿಡಿದ.

"ಮಾಮಾ, ಬನ್ನಿ ತೊಗೊಂಡು ಬಂಗಾರದಂಗ ಇರೋಣು," ಎಂದಿತು ಬೆಳಗಾವಿಯ ದನಿ.

"ಬಂಗಾರದಂಗ ಇರೋಣಪ್ಪಾ. ಹೆಂಗದಿ?"

"ನನಗೇನ್ರಿ ಆಗೋದು? ಹಬ್ಬಕ್ಕ ಎಲ್ಲಾರೂ ಹೊಸಾ ಚಪ್ಪಲಿ ತೊಗೊಂಡ್ರು. ನನ್ನದೊಂದ ಖರ್ಚು ಉಳೀತು." ಶಾಂತಪ್ಪ ತಾನೇ ನಕ್ಕ. "ಅಕ್ಕ ಹೇಳಿದ್ಳು, ಹೊಸಾ ಆರ್ಡರ್ ಬಂದೈತಂತಲ್ಲ. ಏನ್ ಮಾಡಾಕತ್ತೀರಿ ಈಗ?"

ಪರಪ್ಪನ ಮುಷ್ಟಿಯೊಳಗೆ ಹಿತ್ತಾಳೆ ಬಾಯ್ಲರಿನ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು.

"ಪಂಪಿನ ಸಾಮಾನು."

"ಚಲೋ ಆತು ಬಿಡ್ರಿ. ನೀರಿನ ಕೆಲಸ, ಪುಣ್ಯೇದ ಕೆಲಸ," ಎಂದ ಶಾಂತಪ್ಪ. ಇನ್ನೂ ಏನೋ ಹೇಳುವಷ್ಟರಲ್ಲಿ ಕಾರ್ಡು ಮುಗಿದು ಫೋನು ಕಟ್ಟಾಯಿತು.

ನೀಲವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಬೆರಳ ಸಂದಿಗಳಲ್ಲಿ ಕುಂಕುಮ ಇಳಿದಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವನು ಮುಷ್ಟಿ ಬಿಚ್ಚಿದ.

"ಎಣಿಕಿಯೊಳಗ ಒಂದು ಕಡಿಮಿ ಬಿದ್ದೈತಿ. ಇನ್‌ಸ್ಪೆಕ್ಟರ್ ಬಂದು ಕುಂತಾನ. ಇದನ್ನ ಒಯ್ಯಬೇಕು."

"ಪಂಪಿನ ಸಾಮಾನಕ್ಕ ಇನ್‌ಸ್ಪೆಕ್ಟರ್ ಬರ್ತಾನೇನ್ರೀ?"

"ಈ ದೇಶದಾಗ ಎಲ್ಲಾದಕ್ಕೂ ಬರ್ತಾನ."

ಅವಳು ಅದನ್ನು ಅವನ ಅಂಗೈಯಿಂದ ಎತ್ತಿಕೊಂಡಳು. ತಿರುಗಿಸಿದಳು, ಒಳಗೆ ಬೆರಳಿಟ್ಟಳು, ಮತ್ತೆ ತಿರುಗಿಸಿದಳು. ಒಲೆಯ ಮೇಲೆ ಹೋಳಿಗೆ ಸೀಯುತ್ತಿದ್ದ ವಾಸನೆ ಬಂದರೂ ಅತ್ತ ಹೋಗಲಿಲ್ಲ. ಅವಳು ಇನ್ನೊಂದು ಪ್ರಶ್ನೆ ಕೇಳಿದರೆ ಸುಳ್ಳು ಹೇಳಲು ತನ್ನಿಂದ ಆಗುವುದಿಲ್ಲ ಎಂದು ಪರಪ್ಪನಿಗೆ ಅನ್ನಿಸಿತು. ಕೇಳಲಿ ಎಂದೂ ಅನ್ನಿಸಿತು. ನೀಲವ್ವ ಕೇಳಲಿಲ್ಲ. ಪೀಸನ್ನು ಅವನ ಕೈಗೆ ವಾಪಸು ಹಾಕಿ, ಒಲೆ ಆರಿಸಿ, ಶೆಲ್ಫಿನ ಮೇಲಿನ ಒಂದು ಲಕೋಟೆ ತಂದಳು. ಊರಿನಿಂದ ಟಪಾಲಿನಲ್ಲಿ ಬಂದ ಬನ್ನಿ ಎಲೆಗಳು, ಒಣಗಿ ಉದುರುವ ಹಂತದಲ್ಲಿದ್ದವು. ಒಂದು ಚಿಟಿಕೆಯಷ್ಟನ್ನು ಪೇಪರ್ ಟವೆಲಿನಲ್ಲಿ ಮಡಿಸಿದಳು.

"ಶಾಂತಪ್ಪ ಕಳಿಸ್ಯಾನ. ಆ ಸಾಹೇಬಗೂ ಕೊಡ್ರಿ. ಹಬ್ಬದ ದಿನಾ ಬರೇ ಕೈಲೆ ಹೋಗಬಾರದು."

ಪ್ರೈಸ್ ಮತ್ತು ಇಂಚರಾ ಅವನಿಗಿಂತ ಮೊದಲೇ ವರ್ಕ್‌ಶಾಪಿಗೆ ಬಂದು ಕಾಯುತ್ತಿದ್ದರು. ಪರಪ್ಪ ಪೀಸನ್ನು ಮೇಜಿನ ಮೇಲೆ ಇಟ್ಟ. ಒಳಗಿನ ತಿರುಪಿನ ಸುತ್ತುಗಳಲ್ಲಿ ಕುಂಕುಮ ಕೂತಿತ್ತು. ಈ ಕೆಂಪು ಏನು ಎಂದು ಪ್ರೈಸ್ ಕೇಳಿದ. ಗುರುತು ಹಾಕುವ ಬಣ್ಣ ಎಂದರೆ ಮುಗಿಯುತ್ತಿತ್ತು. ಇಂಚರಾ ಅದನ್ನೇ ಹೇಳಲು ಬಾಯಿ ತೆರೆದಳೆಂದು ಕಾಣುತ್ತದೆ. ಅಷ್ಟರಲ್ಲಿ ಪರಪ್ಪ ತನ್ನ ಹೆಂಡತಿ ಇದಕ್ಕೆ ಪೂಜೆ ಮಾಡಿದ್ದಳು, ಮೊದಲ ಪೀಸು ದೇವರ ಮುಂದೆ ಇಡುವುದು ತಮ್ಮ ಪದ್ಧತಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಗುರುತು ಪರಿಚಯವಿಲ್ಲದವನ ಮುಂದೆ ಅದು ಎಷ್ಟು ಸಲೀಸಾಗಿ ಬಂತು.

ಪ್ರೈಸ್ ಪೀಸನ್ನು ಎತ್ತಿಕೊಂಡ. ಆಮೇಲೆ ಸಣ್ಣ ಬ್ರಷ್ಷಿನಿಂದ ಸುತ್ತುಗಳನ್ನು ಉಜ್ಜಿದ. ಬಿಳಿ ಕಾಗದದ ಮೇಲೆ ಕೆಂಪು ಪುಡಿ ಉದುರಿತು. ಅಳತೆಯ ಗೇಜು ಹಾಕಿ ತಿರುಗಿಸಿದ, ತಡೆಯದೆ ಕೂತಿತು. ಇನ್ನು ಮುಂದೆ ಯಾವ ಪೀಸೂ ಈ ಬಾಗಿಲು ದಾಟಕೂಡದು ಎಂದಷ್ಟೇ ಹೇಳಿ ಸಹಿ ಹಾಕಿದ. ಬನ್ನಿ ಎಲೆ ಕೊಟ್ಟಾಗ ಏನಿದು ಎಂದು ಇಂಚರಾಳ ಕಡೆ ತಿರುಗಿದ. ಹಬ್ಬದಲ್ಲಿ ಇದನ್ನು ಚಿನ್ನ ಅಂತ ಕೊಡುತ್ತಾರೆ ಎಂದು ಅವಳು ವಿವರಿಸಿದಳು. ಅವನು ಆ ಮಡಿಕೆಯನ್ನು ಕೋಟಿನ ಜೇಬಿನಲ್ಲಿ, ಪೆನ್ನುಗಳ ಪಕ್ಕ, ಜೋಪಾನವಾಗಿ ಇಟ್ಟುಕೊಂಡ.

ಅವನು ಕಾರಿನ ಕಡೆ ನಡೆದ ಮೇಲೆ ಇಂಚರಾ ಬಾಗಿಲಲ್ಲಿ ಹಿಂದುಳಿದಳು.

"ಅಂಕಲ್, ಇದು ಏನು ಅಂತ ಆಂಟಿಗೆ ಗೊತ್ತಾ?"

ಪರಪ್ಪ ಪೊರಕೆ ತೆಗೆದುಕೊಂಡು ಲೇಥಿನ ಕೆಳಗಿನ ಹಿತ್ತಾಳೆಯ ಚೂರುಗಳನ್ನು ಗುಡಿಸತೊಡಗಿದ.

"ಓಕೆ, ಓಕೆ. ಐ ವೋಂಟ್ ಆಸ್ಕ್," ಎಂದಳು ಅವಳು. ಹೋಗುವಾಗ ತಿರುಗಿ, "ನಮ್ಮಮ್ಮ ಕೂಡ ನಾನು ಹ್ಯಾರೋ ಕೌನ್ಸಿಲ್‌ನಲ್ಲಿ ಕೆಲಸ ಮಾಡ್ತೀನಿ ಅಂತಾನೇ ಅಂದ್ಕೊಂಡಿದಾರೆ" ಎಂದಳು.

ಸಂಜೆ ಮನೆಗೆ ಹೋದಾಗ ಜಗಲಿಯಲ್ಲಿ ದೀಪ ಉರಿಯುತ್ತಿತ್ತು. ಸಾಲಿನ ಕೊನೆಯಲ್ಲಿ ಪೀಸು ಇದ್ದ ಕಡೆ ಕುಂಕುಮದ ಒಂದು ಸಣ್ಣ ಉಂಗುರ ಉಳಿದಿತ್ತು. ನೀಲವ್ವ ಅದನ್ನು ಒರೆಸಿರಲಿಲ್ಲ. ಅವನ ತಟ್ಟೆಗೆ ಹೋಳಿಗೆ ಬಡಿಸಿ ಮೇಲೆ ತುಪ್ಪ ಹಾಕುತ್ತ, ಕೆಲಸ ಆಯಿತೇ ಎಂದು ಕೇಳಿದಳು. ಆಯಿತು ಎಂದ.

ಚಳಿಗಾಲ ಮುಗಿಯುವ ಹೊತ್ತಿಗೆ ಮೂರು ಲೇಥುಗಳೂ ಓಡುತ್ತಿದ್ದವು. ಮುಂದಿನ ವರ್ಷ ಖಂಡೇಪೂಜೆಗೆ ನೀಲವ್ವ ಬಂದಳು, ಮೂರಕ್ಕೂ ವಿಭೂತಿ ಹಚ್ಚಿದಳು, ಕಾಯಿ ಒಡೆದಳು. ಹೊಸ ಆರ್ಡರಿನ ಟ್ರೇ ಅವಳ ಕೈಗೆ ಎಟಕುವಷ್ಟು ಹತ್ತಿರದಲ್ಲಿ, ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅವಳು ಅದರ ಪಕ್ಕದಿಂದ ಸೆರಗು ತಾಗದ ಹಾಗೆ ಹಾದು, ಆರತಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, ವ್ಯಾನಿನಲ್ಲಿ ಹೋಗಿ ಕುಳಿತಳು. ಮೊದಲ ಪೀಸು ಯಾವುದು ಎಂದು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಪರಪ್ಪನೂ ಕೇಳಲಿಲ್ಲ. ಅದು ಪಂಪಿನ ಸಾಮಾನಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.