ಸುಮ್ಮನಾಗಿದೆ

"ಚೀಟಿ ಕಟ್ಟಿತ್ತಲ್ಲಾ, ಅದಕ್ಕೇ ನಾನು ಪರೀಕ್ಷೆ ಮಾಡೋಕೂ ಹೋಗ್ಲಿಲ್ಲ," ಎನ್ನುತ್ತಾ ಬಂದೂಕಿನ ಗುರಿ ಕಲಿಸುವ ಕೋಚಮ್ಮ ಗಾಳಿಯ ಸಿಲಿಂಡರನ್ನು ಉಸ್ಸಪ್ಪಾ ಎಂದು ನೆಲಕ್ಕಿಳಿಸಿದಳು. ಅದರ ಕತ್ತಿಗೆ ಅಡಾಪ್ಟರು ಇನ್ನೂ ಬಿಗಿದೇ ಇತ್ತು. ಸಿಲಿಂಡರಿನ ಗಾಳಿಯನ್ನು ಏರ್‌ಗನ್ನಿಗೆ ದಾಟಿಸುವ, ಹೆಬ್ಬೆರಳು ಗಾತ್ರದ ಹಿತ್ತಾಳೆಯ ತುಂಡು ಅದು. ದಾರದಲ್ಲಿ ತೂಗುತ್ತಿದ್ದ ಚೀಟಿಯಲ್ಲಿ ದುಂಡು ಅಕ್ಷರದಲ್ಲಿ 'ಸುಮ್ಮನಾಗಿದೆ' ಎಂದು ಬರೆದಿತ್ತು.

ಮೇಸ್ತ್ರಿ ಚೀಟಿಯ ಕಡೆ ನೋಡಲಿಲ್ಲ. "ಮತ್ತೆ ಸೋರ್ತಾ?"

"ಸೋರ್ತಾ ಅಂತೀರಾ! ಪಂದ್ಯದ ದಿನ ಬೆಳಿಗ್ಗೆ ನೋಡಿದ್ರೆ ಮುಕ್ಕಾಲು ಸಿಲಿಂಡರ್ ಖಾಲಿ. ನಮ್ಮ ಹುಡುಗಿ ಬಂದೂಕಿಗೆ ಗಾಳಿ ಸಾಲದೆ ಅರ್ಧಕ್ಕೇ ಎದ್ದು ಬಂದ್ಲು. ಇಡೀ ವರ್ಷ ಕಷ್ಟಪಟ್ಟಿದ್ಲು ಮೇಸ್ತ್ರಿ. ಬೈದಿದ್ರೆ ಬೈಸ್ಕೋತಿದ್ದೆ. ಒಂದು ಮಾತೂ ಆಡ್ಲಿಲ್ಲ."

ಇದೇ ಅಡಾಪ್ಟರಿಗೆ ಮೇಸ್ತ್ರಿ ಎರಡು ಸಲ, ಗಾಳಿ ಸೋರದಂತೆ ತಡೆಯುವ ಹೊಸ ರಬ್ಬರ್ ಬಳೆ ಹಾಕಿ ಕೊಟ್ಟಿದ್ದ.

ಆ ರಿಪೇರಿ ಅಂಗಡಿಯಲ್ಲಿ ಕೈ ಮೇಸ್ತ್ರಿಯದು, ಕಿವಿ ಹೆಂಡತಿಯದು. ನಲವತ್ತು ವರ್ಷ ಲೇತ್ ಯಂತ್ರದ ಪಕ್ಕ ನಿಂತು ಅವನ ಕಿವಿ ಮಂದವಾಗಿತ್ತು; ಕೂದಲೆಳೆಯಂಥ ಸಂದಿಯಲ್ಲಿ ನುಸುಳುವ ಗಾಳಿಯ ಸದ್ದು ಅದಕ್ಕೆ ದಕ್ಕುತ್ತಿರಲಿಲ್ಲ. ಹೆಂಡತಿ ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು, ಅಡಾಪ್ಟರಿನ ಹತ್ತಿರ ಕಿವಿ ತರುತ್ತಿದ್ದಳು. ಸೋರುತ್ತಿದ್ದರೆ "ಇನ್ನೂ ಮಾತಾಡ್ತಿದೆ ರೀ" ಎನ್ನುತ್ತಿದ್ದಳು. ಸರಿಹೋಗಿದ್ದರೆ ಚೀಟಿ ಕಟ್ಟುತ್ತಿದ್ದಳು. ಉಳಿದ ಅಂಗಡಿಯವರು ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೋ ಎಂದು ನೋಡುತ್ತಾರೆ. "ಅದು ಕಿವುಡರ ಕೆಲಸ" ಎಂದು ಗಂಡನನ್ನು ಛೇಡಿಸಿ ನಗುತ್ತಿದ್ದಳು. ಬಿಡುವಿದ್ದಾಗ ಒಂದಷ್ಟು ಚೀಟಿ ಬರೆದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುವುದು ಅವಳ ರೂಢಿ.

ಅವಳು ಹೋದ ಮೇಲೆ ಡಬ್ಬದಲ್ಲಿ ಹನ್ನೊಂದು ಚೀಟಿ ಉಳಿದಿದ್ದವು. ಸೋಪಿನ ನೀರು ಕಲಸಲು ಅವನಿಗೆ ಕೈಯೇ ಬರಲಿಲ್ಲ. ತಾನೇ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ. ಏನೂ ಕೇಳಿಸದಿದ್ದರೆ ಸುಮ್ಮನಾದ ಹಾಗೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವಳ ಚೀಟಿ ಕಟ್ಟಿದ. ಕಟ್ಟುವಾಗ ಒಂದು ಗಳಿಗೆ ಅವಳು ಪಕ್ಕದಲ್ಲೇ ಇದ್ದಂತಾಗುತ್ತಿತ್ತು.

"ನಿಮ್ಮ ಮನೆಯವ್ರನ್ನ ಕರೀರಿ," ಎಂದಳು ಕೋಚಮ್ಮ. ಅವಳು ಬೇರೆ ಊರಿನವಳು, ಹಿಂದಿನ ಎರಡು ಸಲವೂ ಅಡಾಪ್ಟರನ್ನು ಬೇರೆಯವರ ಕೈಯಲ್ಲಿ ಕಳಿಸಿದ್ದಳು; ವಿಷಯ ತಿಳಿಯದು. "ಬೇಜಾರು ಮಾಡ್ಕೋಬೇಡಿ. ಅವ್ರಿಗೂ ವಯಸ್ಸಾಯ್ತು, ಕಿವಿ ಮೊದಲಿನ ಹಾಗೆ ಇರಲ್ಲ. ಇನ್ಮೇಲೆ ಅವ್ರ ಚೀಟಿ ನಂಬ್ಕೊಂಡು ಕೂರೋಕಾಗಲ್ಲ ಅಷ್ಟೆ."

ತನ್ನನ್ನು ಏನಂದಿದ್ದರೂ ಮೇಸ್ತ್ರಿ ನುಂಗಿಕೊಳ್ಳುತ್ತಿದ್ದ. ಹೆಂಡತಿಯ ಮೇಲಿನ ಈ ಮಾತನ್ನು ಮಾತ್ರ ನುಂಗಲಾಗಲಿಲ್ಲ.

"ಅವಳ ಕಿವಿಗೆ ಏನೂ ಆಗಿರ್ಲಿಲ್ಲ ಕೋಚಮ್ಮ," ಎಂದ. "ಕೊನೇ ದಿನದವರೆಗೂ ಚೆನ್ನಾಗೇ ಇತ್ತು. ಅವಳು ಹೋಗಿ ನಾಲ್ಕು ತಿಂಗಳಾಯ್ತು. ಇದನ್ನ ಅವಳು ಮುಟ್ಟೇ ಇಲ್ಲ. ಚೀಟಿ ಅವಳದ್ದು, ಕಟ್ಟಿದ್ದು ನಾನು."

ಕೋಚಮ್ಮ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. "ಹುಡುಗಿಗೆ ನಾನೇನು ಹೇಳ್ಲಿ?" ಎಂದಳು.

"ಇದ್ದದ್ದನ್ನೇ ಹೇಳಿ. ಮೇಸ್ತ್ರಿ ಸುಳ್ಳು ಚೀಟಿ ಕಟ್ಟಿದ ಅಂತ."

ಅವನು ಸಿಲಿಂಡರಿನ ವಾಲ್ವ್ ಮುಚ್ಚಿ, ಅಡಾಪ್ಟರಿನೊಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನಷ್ಟೇ ಹೊರಬಿಟ್ಟು, ಅದನ್ನು ಬಿಚ್ಚಿದ. ಹೊಸ ಬಳೆಯೂ ಹಿಂದಿನದರಂತೆ ಅದೇ ಜಾಗದಲ್ಲಿ ಸೀಳಿತ್ತು. ಬಳೆ ಕೂರುವ ತೋಡಿನ ಸುತ್ತ ಹತ್ತಿಯ ಎಳೆ ಆಡಿಸಿದ. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಮುಳ್ಳು. ಎರಡು ಸಲವೂ ಬಳೆ ಬದಲಿಸಿದ್ದನೇ ಹೊರತು ಮುಳ್ಳು ಹುಡುಕಿರಲಿಲ್ಲ. "ಇನ್ನೂ ಮಾತಾಡ್ತಿದೆ ರೀ" ಎನ್ನುವವಳಿದ್ದಿದ್ದರೆ ಹುಡುಕುತ್ತಿದ್ದ. ನಯವಾದ ಉಜ್ಜುಕಾಗದದಲ್ಲಿ ಮುಳ್ಳನ್ನು ತಿಕ್ಕಿ ತೆಗೆದು, ಬೇರೆ ಬಳೆ ಕೂರಿಸಿ, ಬಿಗಿದು, ವಾಲ್ವನ್ನು ಮೆಲ್ಲಗೆ ತೆರೆದ.

ಆಮೇಲೆ ಒಳಗೆ ಹೋಗಿ ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿ ತಂದ. ಕುಂಚದಿಂದ ಬಳಿದು ಇಬ್ಬರೂ ಬಗ್ಗಿ ನೋಡುತ್ತಾ ನಿಂತರು. ಒಂದು ಗುಳ್ಳೆಯೂ ಏಳಲಿಲ್ಲ.

ಹಳೆಯ ಚೀಟಿಯನ್ನು ಬಿಚ್ಚಿ ಜೇಬಿಗಿಟ್ಟುಕೊಂಡು, ಬೇರೆ ಕಾಗದದ ಮೇಲೆ ತನ್ನ ಸೊಟ್ಟ ಅಕ್ಷರದಲ್ಲಿ 'ಸೋಪಿನ ನೀರು ಹಾಕಿ ನೋಡಿದ್ದೇನೆ' ಎಂದು ಬರೆದು ಕಟ್ಟಿದ. ಕೋಚಮ್ಮ ಅದನ್ನು ಓದಿ, ಸಿಲಿಂಡರು ಎತ್ತಿಕೊಂಡು ಹೊರಟಳು. ಮತ್ತೆ ಬರುತ್ತಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮೇಜಿನ ಮೇಲೆ ಇನ್ನೊಬ್ಬರ ಅಡಾಪ್ಟರೊಂದು ಪರೀಕ್ಷೆಯ ಸಿಲಿಂಡರಿಗೆ ಬಿಗಿದು ಕೂತಿತ್ತು. ಅದಕ್ಕೂ ನಿನ್ನೆಯೇ ಅವಳ ಚೀಟಿ ಕಟ್ಟಿದ್ದ. ಮೇಸ್ತ್ರಿ ಅದನ್ನು ಬಿಚ್ಚಿ ಡಬ್ಬಕ್ಕೆ ಹಾಕಿದ. ಫ್ಯಾನ್ ಆರಿಸಿದ. ಉಸಿರು ಬಿಗಿಹಿಡಿದು ಕಿವಿಯನ್ನು ಹತ್ತಿರ ತಂದು, ಆದಷ್ಟು ಹೊತ್ತು ಹಾಗೇ ಇದ್ದ. ಆಮೇಲೆ ಸೋಪಿನ ನೀರಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ.